ಮಧುರೆಯ ವೈದ್ಯರೂ ಅವರ ಬಳಗವೂ

ಕಳೆದ ಭಾದ್ರಪದ ಮಾಸದಲ್ಲಿ ನಮ್ಮ ಗೃಹಿಣಿಯ ಬಲಗಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯಾಯಿತು. ಈ ಕಾಲದಲ್ಲಿ ಇದು ಹೇಳಿಕೊಳ್ಳತಕ್ಕ ದೊಡ್ಡ ಸಂಗತಿಯೇನೂ ಅಲ್ಲವೆಂಬುದನ್ನು ನಾವು ಬಲ್ಲೆವು. ನಮ್ಮ ಬೀದಿಯಲ್ಲಿ ಅರವತ್ತು ದಾಟಿದವರನ್ನು ಎಣಿಸಿದರೆ ಅವರಲ್ಲಿ ಅರ್ಧ ಮಂದಿ ಈ ಕ್ರಿಯೆಗೆ ಒಳಗಾದವರೇ ಇರುವರು. ಬೆಳಗ್ಗೆ ಹೋದೆವು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬಂದೆವು. ಬರುವಾಗ ಆಸ್ಪತ್ರೆಯವರು, ಕಣ್ಣಿನೊಳಗೆ ಕೂರಿಸಿದ ಮಸೂರದ ವಿವರವುಳ್ಳ ಒಂದು ಚೀಟಿಯನ್ನು ಕೊಟ್ಟು, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಹೇಳಿದರು. ಮೂವತ್ತೈದು ವರ್ಷ ಮಕ್ಕಳ ಬರವಣಿಗೆಯನ್ನು ತಿದ್ದಿದವರಿಗೆ ಅಚ್ಚಾದ ಯಾವ ಕಾಗದವನ್ನೂ ಓದದೆ ಮಡಿಸಿಡುವುದು ಸಾಧ್ಯವಾಗುವುದಿಲ್ಲ. ಓದಿದೆವು. ಮಸೂರವನ್ನು ತಯಾರಿಸಿದವರು ಮಧುರೆಯ ‘ಔರೋಲ್ಯಾಬ್’ ಎಂಬ ಸಂಸ್ಥೆಯವರು ಎಂದು ಅದರಲ್ಲಿ ಇತ್ತು.

ಆ ಸಂಜೆ ಕಣ್ಣಿಗೆ ಕಟ್ಟಿದ ಹತ್ತಿಯನ್ನು ಮುಟ್ಟಿ ನೋಡಿಕೊಳ್ಳುತ್ತ ಆಕೆ ಹೇಳಿದ್ದು ಹೀಗೆ: “ಡಾಕ್ಟರು ಯಾವಾಗ ಬಂದರೋ ಯಾವಾಗ ಹೋದರೋ ನನಗೆ ತಿಳಿಯಲೇ ಇಲ್ಲ. ಆ ಹಸುರು ಬಟ್ಟೆಯ ಹುಡುಗಿ ಮಾತ್ರ ಮೊದಲಿನಿಂದ ಕಡೆಯ ತನಕ ಪಕ್ಕದಲ್ಲಿಯೇ ಇದ್ದಳು. ‘ಅಮ್ಮಾ, ಅಲುಗಾಡಬೇಡಿ, ಇನ್ನು ಎರಡೇ ನಿಮಿಷ’ ಅನ್ನುತ್ತಿದ್ದಳು. ನನಗೆ ಕಣ್ಣು ಕೊಟ್ಟವಳು ಅವಳೇ ನೋಡಿ.”

ಡಾಕ್ಟರಿಗೆ ಅನ್ಯಾಯವಾಗುವ ಈ ಮಾತನ್ನು ನಾವು ಆ ಕ್ಷಣವೇ ಖಂಡಿಸಿದೆವು. ಶಸ್ತ್ರ ಹಿಡಿದವರು ಯಾರು, ವಿದ್ಯೆ ಯಾರದು ಎಂದು ಸಣ್ಣ ಉಪನ್ಯಾಸವನ್ನೂ ಮಾಡಿದೆವು, ಆಕೆ ಆಕಳಿಸಿದಳು. ಆದರೆ ಮುಂದಿನ ದಿನಗಳಲ್ಲಿ, ಚೀಟಿಯಲ್ಲಿದ್ದ ಹೆಸರಿನ ಎಳೆಯನ್ನು ಹಿಡಿದು, ಮಧುರೆಯ ಆ ಸಂಸ್ಥೆಗಳನ್ನು ಕಟ್ಟಿದ ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರ ಚರಿತ್ರೆಯನ್ನು ಓದುತ್ತ ಹೋದಂತೆ, ಆಕೆಯ ಮಾತಿನಲ್ಲಿ ತಪ್ಪಿಗಿಂತ ಒಪ್ಪೇ ಹೆಚ್ಚಾಗಿದ್ದಿತೆಂದು ನಮಗೆ ತೋರಿತು. ಆ ಚರಿತ್ರೆಯನ್ನು, ಅದನ್ನು ಓದುವಾಗ ನಮಗಾದ ಒಂದು ನಾಚಿಕೆಯ ಸಮೇತವಾಗಿ, ವಾಚಕರ ಮುಂದೆ ಇಡುವೆವು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ, ಔಷಧ, ಉಪಚಾರಕ, ರೋಗಿ ಎಂಬಿವೇ ಆ ನಾಲ್ಕು. ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳುಂಟು. ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಉಪಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಇರಬೇಕು. ರೋಗಿಗಾದರೂ ನೆನಪು, ಹೇಳಿದಂತೆ ಕೇಳುವ ಗುಣ, ಅಂಜದಿರುವಿಕೆ, ತನ್ನ ಬಾಧೆಯನ್ನು ತಿಳಿಯ ಹೇಳುವ ಶಕ್ತಿ ಇರಬೇಕು. ಇವರಲ್ಲಿ ವೈದ್ಯನೇ ಪ್ರಧಾನನೆಂದೂ ಅಲ್ಲಿಯೇ ಹೇಳಿರುವುದರಿಂದ, ಓದುವ ಕಾಲದಲ್ಲಿ ನಾವು ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಉಳಿದ ಮೂರು ಪಾದಗಳನ್ನು ಮರೆತಿದ್ದೆವು. ಮಂಚದ ಒಂದು ಕಾಲು ಎಷ್ಟು ದಪ್ಪವಾಗಿದ್ದರೇನು, ಮಿಕ್ಕ ಮೂರು ಇಲ್ಲದಿದ್ದರೆ ಅದರ ಮೇಲೆ ಮಲಗಲಾದೀತೆ?

ವೆಂಕಟಸ್ವಾಮಿಯವರು ೧೯೧೮ನೆಯ ಇಸವಿ ಅಕ್ಟೋಬರ್ ೧ರಂದು, ತಮಿಳುನಾಡಿನ ದಕ್ಷಿಣಭಾಗದ ವಡಮಲಾಪುರವೆಂಬ ಹಳ್ಳಿಯಲ್ಲಿ, ಒಕ್ಕಲು ಮನೆತನದಲ್ಲಿ ಹುಟ್ಟಿದರು. ಅವರ ಬಾಲ್ಯದ ಓದಿಗೆ ಹಲಗೆಯಿಲ್ಲ, ಕಾಗದವಿಲ್ಲ. ಮಕ್ಕಳು ಹೊಳೆಯ ದಡದಿಂದ ಮರಳನ್ನು ತಂದು ಹರಡಿ, ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅವರಿಗೆ ಸುಮಾರು ಹತ್ತು ವರ್ಷವಾಗಿದ್ದಾಗ, ನಂಟರಲ್ಲಿ ಅಕ್ಕಂದಿರ ವರಸೆಯ ಮೂವರು ಹೆಣ್ಣುಮಕ್ಕಳು ತುಂಬು ಬಸುರಿನಲ್ಲಿ ತೀರಿಕೊಂಡರು. ಊರಿನಲ್ಲಿ ವೈದ್ಯರು ಇರಲಿಲ್ಲ. ತಾನು ವೈದ್ಯನಾಗಬೇಕು, ಹೆರಿಗೆಯ ವೈದ್ಯನೇ ಆಗಬೇಕೆಂಬ ಸಂಕಲ್ಪ ಆ ಹುಡುಗನಲ್ಲಿ ಆಗ ಮೂಡಿತು. ಮಧುರೆಯ ಅಮೆರಿಕನ್ ಕಾಲೇಜಿನಲ್ಲಿ ಓದಿ, ೧೯೪೪ರಲ್ಲಿ ಮದರಾಸಿನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಿಂದ ಪದವಿಯನ್ನು ಪಡೆದು, ಸೈನ್ಯದ ವೈದ್ಯವಿಭಾಗವನ್ನು ಸೇರಿದರು.

ಅಲ್ಲಿಂದ ಮುಂದೆ ದೈವವು ಬೇರೆ ದಾರಿಯನ್ನು ಹಿಡಿಸಿತು. ಕಠಿನವಾದ ಸಂಧಿವಾತವು ತಗುಲಿ, ೧೯೪೮ರಲ್ಲಿ ಅವರನ್ನು ಸೈನ್ಯದಿಂದ ಬಿಡುಗಡೆ ಮಾಡಬೇಕಾಯಿತು. ಬಹುಕಾಲ ಹಾಸಿಗೆ ಹಿಡಿದರು. ಎದ್ದು ನಡೆದಾಡುವಂತಾದಾಗ ಕೈಬೆರಳುಗಳು ಸೊಟ್ಟಗಾಗಿ ಹೆಪ್ಪುಗಟ್ಟಿದಂತೆ ನಿಂತಿದ್ದವು. ಲೇಖನಿಯನ್ನು ಹಿಡಿಯುವುದೂ ಕಷ್ಟ. ಹೆರಿಗೆಯ ವೈದ್ಯಕ್ಕೆ ಆ ಕೈಗಳು ಒದಗುವಂತಿರಲಿಲ್ಲ. ಹೀಗಾಗಿ ಅವರು ಕಣ್ಣಿನ ವೈದ್ಯಕ್ಕೆ ತಿರುಗಿ, ೧೯೫೧ರಲ್ಲಿ ಆ ವಿಷಯದಲ್ಲಿ ಡಿಪ್ಲೊಮಾ ಪಡೆದು, ತಮ್ಮ ಬೆರಳುಗಳಿಗೆ ಒಪ್ಪುವಂತೆ ಉಪಕರಣಗಳನ್ನು ಮಾಡಿಸಿಕೊಂಡು, ಪೊರೆಯನ್ನು ತೆಗೆಯುವುದನ್ನು ಕಲಿತರು. ೧೯೫೬ರಲ್ಲಿ ಮಧುರೆಯ ಸರಕಾರಿ ವೈದ್ಯಕೀಯ ಕಾಲೇಜಿನ ನೇತ್ರವಿಭಾಗಕ್ಕೆ ಮುಖ್ಯಸ್ಥರಾದರು. ಆ ಸೊಟ್ಟ ಬೆರಳುಗಳಿಂದ ಅವರು ತಮ್ಮ ಜೀವಮಾನದಲ್ಲಿ ಮಾಡಿದ ಶಸ್ತ್ರಕ್ರಿಯೆಗಳು ಒಂದು ಲಕ್ಷಕ್ಕೂ ಮೇಲೆ.

ಈ ಭಾಗವನ್ನು ಓದಿದವರೆಲ್ಲರೂ ಅವರ ಛಲವನ್ನು ಕೊಂಡಾಡುವರು. ಕೊಂಡಾಡತಕ್ಕದ್ದೇ. ಆದರೆ ನಮಗೆ ಇದರಲ್ಲಿ ಇನ್ನೊಂದು ಸಂಗತಿ ಕಂಡಿತು. ಆರೋಗ್ಯವುಳ್ಳ ಕೈ ತಾನು ಮಾಡುವ ಕೆಲಸವನ್ನು ತಾನೇ ಅರಿಯದು. ಒಂದೊಂದು ಹಿಡಿತವನ್ನೂ ಒಂದೊಂದು ತಿರುವನ್ನೂ ಎಣಿಸಿ ಎಣಿಸಿ ಮತ್ತೆ ಕಲಿಯಬೇಕಾದವನಿಗೆ ಮಾತ್ರ, ಒಂದು ಕೆಲಸದೊಳಗೆ ಎಷ್ಟು ಕೆಲಸಗಳು ಅಡಗಿವೆ ಎಂಬುದು ತಿಳಿದೀತು. ಇವುಗಳಲ್ಲಿ ತನ್ನಿಂದಲೇ ಆಗಬೇಕಾದದ್ದು ಯಾವುದು, ಇನ್ನೊಬ್ಬರು ಇದಕ್ಕಿಂತ ಚೆನ್ನಾಗಿ ಮಾಡಬಲ್ಲದ್ದು ಯಾವುದು ಎಂಬ ವಿವೇಕವು ಅವರಿಗೆ ಆ ನೋವಿನಿಂದಲೇ ಬಂದಿರಬೇಕೆಂದು ನಮ್ಮ ಊಹೆ.

೧೯೭೬ರಲ್ಲಿ ಅವರು ಸರಕಾರಿ ಸೇವೆಯಿಂದ ನಿವೃತ್ತರಾದರು. ನಿವೃತ್ತಿಯೆಂದರೇನೆಂಬುದು ನಮಗೂ ಗೊತ್ತು: ನಮಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ನಾಲ್ಕು ಭಾಷಣಗಳು ದೊರೆತವು; ಮರುದಿನ ಬಿಸಿಲೇರುವ ತನಕ ಮಲಗಿದೆವು. ವೆಂಕಟಸ್ವಾಮಿಯವರು ಅದೇ ವರ್ಷ ಮಧುರೆಯಲ್ಲಿ ಹನ್ನೊಂದು ಹಾಸಿಗೆಗಳ ಒಂದು ಕಣ್ಣಾಸ್ಪತ್ರೆಯನ್ನು ತೆರೆದರು. ತಾವು ಭಕ್ತಿಯಿಂದ ಕಾಣುತ್ತಿದ್ದ ಶ್ರೀ ಅರವಿಂದರ ಹೆಸರನ್ನು ಅದಕ್ಕೆ ಇಟ್ಟರು. ಹಣವಿರಲಿಲ್ಲ, ಮನೆಯವರ ಒಡವೆಗಳು ಒತ್ತೆಗೆ ಹೋದವು. ಅವರು ಮದುವೆಯಾದವರಲ್ಲ. ಹಿರಿಯ ಮಗನಾಗಿ ತಮ್ಮತಂಗಿಯರನ್ನು ಓದಿಸಿ ದಡ ಸೇರಿಸಿದವರು. ಆ ಒಡಹುಟ್ಟಿದವರೇ ಅವರ ಮೊದಲ ಬಳಗವಾದರು. ತಂಗಿ ಡಾಕ್ಟರ್ ನಾಚ್ಚಿಯಾರರೂ ಆಕೆಯ ಪತಿ ಡಾಕ್ಟರ್ ನಂಪೆರುಮಾಳ್‌ಸಾಮಿಯವರೂ ಕಣ್ಣಿನ ವೈದ್ಯರು; ತಮ್ಮ ಶ್ರೀನಿವಾಸನ್ನರು ಕಟ್ಟಡ ಮತ್ತು ಲೆಕ್ಕಪತ್ರಗಳ ಹೊಣೆಯನ್ನು ಹೊತ್ತರು. ೧೯೮೧ರಲ್ಲಿ ಆಡಳಿತಶಾಸ್ತ್ರವನ್ನು ಓದಿದ ತುಳಸಿರಾಜ್ ಎಂಬವರು ಬಂದು ಸೇರಿದರು. ಅಣ್ಣನು ಕರೆದನೆಂದು ಬಂದವರು ಅಣ್ಣನ ನೆರಳಿನಲ್ಲಿಯೇ ನಿಂತು ಬಾಡಿಹೋಗುವುದನ್ನು ಅನೇಕ ಕುಟುಂಬಗಳಲ್ಲಿ ನಾವು ಕಂಡಿರುವೆವು. ಇಲ್ಲಿ ಹಾಗಾಗಲಿಲ್ಲ; ಒಬ್ಬೊಬ್ಬರಿಗೂ ಒಂದೊಂದು ಸ್ವತಂತ್ರವಾದ ಹೊಲವಿದ್ದಿತು.

ಈಗ ಆ ಆಸ್ಪತ್ರೆಯ ಕೆಲಸದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸ್ವಾರಸ್ಯವೆಲ್ಲವೂ ಇರುವುದು ಅಲ್ಲಿಯೇ.

ಪೊರೆಯ ಶಸ್ತ್ರಕ್ರಿಯೆಯಲ್ಲಿ ಶಸ್ತ್ರವೈದ್ಯರ ಕೈ ಬೇಕಾಗುವುದು ಕೆಲವೇ ನಿಮಿಷಗಳ ಹೊತ್ತು. ಅದಕ್ಕೆ ಮೊದಲು ರೋಗಿಯ ಹೆಸರು ಬರೆಯಬೇಕು, ದೃಷ್ಟಿ ಪರೀಕ್ಷಿಸಬೇಕು, ಕಣ್ಣಿನ ಒತ್ತಡವನ್ನು ಅಳೆಯಬೇಕು, ಎಂಥ ಮಸೂರ ಬೇಕೆಂದು ಲೆಕ್ಕ ಹಾಕಬೇಕು, ಅಂಜಿಕೆಯನ್ನು ಬಿಡಿಸಬೇಕು, ಮುಖವನ್ನು ತೊಳೆದು ಮೇಜಿನ ಮೇಲೆ ಮಲಗಿಸಬೇಕು. ಆಮೇಲೆ ಪಟ್ಟಿ ಕಟ್ಟಿ, ಕೈ ಹಿಡಿದು ನಡೆಸಿ, ಔಷಧ ಹಾಕುವ ಕ್ರಮವನ್ನು ಮನೆಯವರಿಗೆ ತಿಳಿಸಬೇಕು. ಇವೆಲ್ಲವನ್ನೂ ಶಸ್ತ್ರವೈದ್ಯರೇ ನೋಡಿಕೊಳ್ಳುತ್ತ ಕೂತರೆ ದಿನಕ್ಕೆ ನಾಲ್ಕು ಕಣ್ಣು ಆದೀತು. ಮಧುರೆಯಲ್ಲಿ ಏನು ಮಾಡಿದರೆಂದರೆ, ವೈದ್ಯರಿಂದ ಮಾತ್ರವೇ ಆಗತಕ್ಕ ಕೆಲಸವನ್ನು ವೈದ್ಯರಿಗೆ ಬಿಟ್ಟು, ಉಳಿದುದೆಲ್ಲವನ್ನೂ ಆ ಕೆಲಸಕ್ಕಾಗಿಯೇ ಪಳಗಿದ ಬೇರೆ ಕೈಗಳಿಗೆ ಒಪ್ಪಿಸಿದರು. ಶಸ್ತ್ರಶಾಲೆಯಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜುಗಳು. ಒಂದರ ಮೇಲೆ ಕ್ರಿಯೆ ನಡೆಯುತ್ತಿರುವಾಗ ಇನ್ನೊಂದರ ಮೇಲೆ ಮುಂದಿನ ರೋಗಿಯು ಸಿದ್ಧವಾಗಿರುವನು. ವೈದ್ಯರು ಆಸನವನ್ನು ತಿರುಗಿಸಿಕೊಂಡರಾಯಿತು; ಆ ಕಡೆಗೂ ಈ ಕಡೆಗೂ ಬೇರೆ ಬೇರೆ ದಾದಿಯರು ಉಪಕರಣಗಳನ್ನು ಅಣಿಮಾಡಿಕೊಂಡು ನಿಂತಿರುವರು. ಹೀಗೆ ಅಲ್ಲಿಯ ಒಬ್ಬ ಶಸ್ತ್ರವೈದ್ಯರು ವರ್ಷಕ್ಕೆ ೨,೦೦೦ದ ಆಸುಪಾಸಿನಲ್ಲಿ ಕ್ರಿಯೆಗಳನ್ನು ಮಾಡುವರು. ಬೇರೆಡೆಯ ಸಾಮಾನ್ಯ ಲೆಕ್ಕಕ್ಕೆ ಇದು ಹಲವು ಪಾಲು ಮಿಗಿಲು.

ಆ ಕೈಗಳು ಯಾರವು? ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳವು. ಹದಿನೇಳು ಹದಿನೆಂಟು ವಯಸ್ಸಿನ, ಹನ್ನೆರಡನೆಯ ತರಗತಿಯನ್ನು ಮುಗಿಸಿದ ಹುಡುಗಿಯರನ್ನು ಆರಿಸಿ, ಎರಡು ವರ್ಷ ಆಸ್ಪತ್ರೆಯಲ್ಲಿಯೇ ಕಲಿಸುವರು. ಒಬ್ಬಳು ದೃಷ್ಟಿ ಪರೀಕ್ಷೆಯಲ್ಲಿ ಪಳಗುವಳು, ಇನ್ನೊಬ್ಬಳು ಶಸ್ತ್ರಶಾಲೆಯಲ್ಲಿ, ಮತ್ತೊಬ್ಬಳು ರೋಗಿಗಳಿಗೆ ತಿಳಿವಳಿಕೆ ಹೇಳುವುದರಲ್ಲಿ. ಈ ಶಿಕ್ಷಣವನ್ನು ರೂಪಿಸಿದವರಲ್ಲಿ ನಾಚ್ಚಿಯಾರರು ಮುಖ್ಯರು. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹೆಚ್ಚಿನ ಪಾಲು ಇವರೇ. ಹುಡುಗಿಯರನ್ನು ಆರಿಸುವಾಗ ಅಂಕಗಳೊಂದನ್ನೇ ನೋಡದೆ, ಮನೆತನದ ಹಿನ್ನೆಲೆ, ನಡತೆ, ಕನಿಕರ ಇವುಗಳನ್ನೂ ನೋಡುವರು. ಚರಕನು ಉಪಚಾರಕನಿಗೆ ಹೇಳಿದ ಗುಣಗಳನ್ನು ನೆನೆದರೆ, ಅಂಕಪಟ್ಟಿಯಲ್ಲಿ ದೊರೆಯುವಂಥದು ಅವುಗಳಲ್ಲಿ ಯಾವುದೂ ಇಲ್ಲ. ಗಂಡಹೆಂಡಿರ ವಾದದಲ್ಲಿ ನಾವು ಸೋತದ್ದು ಇಲ್ಲಿಯೇ.

ಈ ಏರ್ಪಾಡಿನ ವಿಷಯದಲ್ಲಿ ನಮ್ಮಂಥ ಹಳಬರ ಮೂಗು ಮುರಿಸುವ ಒಂದು ಸಂಗತಿಯೂ ಉಂಟು. ವೆಂಕಟಸ್ವಾಮಿಯವರು ಅಮೆರಿಕಕ್ಕೆ ಹೋಗಿದ್ದಾಗ ಮೆಕ್‌ಡೊನಾಲ್ಡ್ ಎಂಬವರ ತಿಂಡಿಯಂಗಡಿಗಳನ್ನು ಕಂಡು ಬೆರಗಾದರಂತೆ. ಯಾವ ಊರಿನ ಅಂಗಡಿಗೆ ಹೋದರೂ ಅದೇ ರುಚಿ, ಅದೇ ಚೊಕ್ಕಟ, ಅದೇ ಬೆಲೆ. ಕೆಲಸ ಮಾಡುವವರು ಸಾಮಾನ್ಯ ಹುಡುಗರು. ತಿಂಡಿಯನ್ನು ಹೀಗೆ ಕೋಟಿಗಟ್ಟಲೆ ಜನರಿಗೆ ಮುಟ್ಟಿಸಬಹುದಾದರೆ ಕಣ್ಣಿನ ಬೆಳಕನ್ನು ಏಕೆ ಮುಟ್ಟಿಸಬಾರದೆಂದು ಅವರು ಕೇಳತೊಡಗಿದರು. ಮಾಂಸದ ರೊಟ್ಟಿಗೂ ಕಣ್ಣಿಗೂ ಎಲ್ಲಿಯ ಸಂಬಂಧವೆಂದು ನಾವು ಮೊದಲು ಮುಖ ಸಿಂಡರಿಸಿದೆವು. ಮನುಷ್ಯರನ್ನು ಸಾಲಾಗಿ ಮಲಗಿಸಿ ಯಂತ್ರದಂತೆ ಕೆಲಸ ನಡೆಸುವುದು ದಯೆಯೆನಿಸೀತೆ? ಈ ಸಂಶಯವು ನಮ್ಮಲ್ಲಿ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಒಂದನ್ನು ಒಪ್ಪಲೇಬೇಕು. ವೇಗವು ಅಲ್ಲಿ ಅಜಾಗರೂಕತೆಗೆ ದಾರಿಯಾಗದಂತೆ, ಯಾವ ವೈದ್ಯರ ಕೈಯಲ್ಲಿ ಯಾವ ತೊಡಕು ಉಂಟಾಯಿತೆಂಬುದನ್ನು ಹೆಸರು ಹಿಡಿದು ಬರೆದಿಟ್ಟು, ಕಾಲಕಾಲಕ್ಕೆ ಎಲ್ಲರೂ ಕೂಡಿ ನೋಡುವ ಪದ್ಧತಿಯುಂಟು. ತನ್ನ ತಪ್ಪಿನ ಪಟ್ಟಿಯನ್ನು ತನ್ನ ಸಂಗಡಿಗರ ಎದುರಿಗೆ ಬಿಚ್ಚಿಡುವ ಧೈರ್ಯ ಎಷ್ಟು ಮಂದಿ ಉಪಾಧ್ಯಾಯರಿಗೆ ಇದ್ದೀತು? ನಮಗಂತೂ ಇರಲಿಲ್ಲ.

ಇಲ್ಲಿ ನಮ್ಮ ನಾಚಿಕೆಯ ಕಥೆಯನ್ನು ಹೇಳಿಬಿಡುವೆವು. ನಾವು ಒಂದು ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯರಾಗಿದ್ದೆವು. ಆ ಶಾಲೆಯಲ್ಲಿ ನಾವು ಮಾಡದ ಕೆಲಸವಿರಲಿಲ್ಲ, ಮತ್ತು ಅದೇ ನಮ್ಮ ಹೆಮ್ಮೆಯಾಗಿದ್ದಿತು. ವೇಳಾಪಟ್ಟಿ ನಮ್ಮದು, ಶುಲ್ಕದ ಲೆಕ್ಕ ನಮ್ಮದು, ಪುಸ್ತಕಾಲಯದ ಬೀರುವಿನ ಬೀಗದ ಕೈ ನಮ್ಮ ಜೇಬಿನಲ್ಲಿ. ಗುಮಾಸ್ತರು ಬರೆದ ಪ್ರತಿಯೊಂದು ಕಾಗದವನ್ನೂ ಮತ್ತೆ ಬರೆಯುತ್ತಿದ್ದೆವು. ಜವಾನನು ಗಂಟೆ ಬಾರಿಸುವುದು ಒಂದು ನಿಮಿಷ ತಡವಾದರೆ ನಾವೇ ಎದ್ದು ಹೋಗಿ ಬಾರಿಸುತ್ತಿದ್ದೆವು. ಸಹೋದ್ಯೋಗಿಗಳು ಕೇವಲ ತಮ್ಮ ಪಾಠವನ್ನು ಮುಗಿಸಿ ಮನೆಗೆ ಹೋಗುವುದನ್ನು ಕಂಡು, ಇವರಿಗೆ ಶಾಲೆಯ ಮೇಲೆ ಅಭಿಮಾನವಿಲ್ಲವೆಂದು ನೊಂದುಕೊಳ್ಳುತ್ತಿದ್ದೆವು. ಅಭಿಮಾನವಿಡಲು ಅವರಿಗೆ ನಾವು ಎಡೆಯನ್ನೇ ಬಿಟ್ಟಿರಲಿಲ್ಲವೆಂಬುದು ಆಗ ಹೊಳೆಯಲಿಲ್ಲ.

೨೦೦೯ರ ಕಾರ್ತಿಕದಲ್ಲಿ ನಮಗೆ ವಿಷಮಶೀತಜ್ವರ ಬಂದು ಮೂರು ವಾರ ಹಾಸಿಗೆಯಲ್ಲಿ ಮಲಗಿದೆವು. ಅದು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿಗಳನ್ನು ಕಳುಹಿಸುವ ಕಾಲ. ಸಹೋದ್ಯೋಗಿಗಳು ಪಾಪ, ಸಿಕ್ಕಿದ ಕಾಗದಗಳನ್ನೆಲ್ಲ ಕಟ್ಟಿ ಕಳುಹಿಸಿದರು. ಆದರೆ ಶುಲ್ಕವನ್ನು ತಡವಾಗಿ ತಂದಿದ್ದ ಒಬ್ಬ ಹುಡುಗನ ಅರ್ಜಿಯನ್ನು ನಾವು ಬೇರೆಯಾಗಿ ತೆಗೆದು ನಮ್ಮ ಮೇಜಿನ ಖಾನೆಯಲ್ಲಿ ಇಟ್ಟಿದ್ದೆವು. ಖಾನೆಗೆ ಬೀಗ, ಬೀಗದ ಕೈ ನಮ್ಮಲ್ಲಿ. ಅಲ್ಲಿ ಅಂಥದೊಂದು ಕಾಗದವಿದೆಯೆಂಬುದು ಮತ್ತಾರಿಗೂ ಗೊತ್ತಿರಲಿಲ್ಲ. ಜ್ವರದ ಮಂಪರಿನಲ್ಲಿದ್ದ ನಮಗೂ ನೆನಪಾಗಲಿಲ್ಲ. ಆ ಹುಡುಗನು ಸಂಗಡಿಗರೊಡನೆ ಪರೀಕ್ಷೆಗೆ ಕೂಡಲಾರದೆ ಒಂದು ವರ್ಷವನ್ನು ಕಳೆದುಕೊಂಡನು. ಅವನ ತಂದೆ ಕೂಲಿ ಮಾಡುತ್ತಿದ್ದವನು. ಶಾಲೆಗೆ ಬಂದು ಜಗಳವಾಡಲಿಲ್ಲ. “ಸ್ವಾಮಿ, ತಾವು ಹುಷಾರಾದಿರಲ್ಲ, ಅಷ್ಟು ಸಾಕು” ಎಂದನು. ಆ ಮಾತನ್ನು ನೆನೆದರೆ ಈಗಲೂ ಊಟ ರುಚಿಸದು. ಗುಮಾಸ್ತರ ಮೇಲೆಯೂ ಸಹೋದ್ಯೋಗಿಗಳ ಮೇಲೆಯೂ ತಪ್ಪನ್ನು ಹೊರಿಸಲು ನಾವು ಕೆಲವು ದಿನ ಯತ್ನಿಸಿದ್ದುಂಟು ಎಂಬುದನ್ನೂ ಮುಚ್ಚಿಡಬಾರದು.

ಮಧುರೆಗೆ ಹಿಂದಿರುಗುವೆವು. ಮೊದಮೊದಲು ಹಳ್ಳಿಗಳಲ್ಲಿ ನೇತ್ರಶಿಬಿರಗಳನ್ನು ನಡೆಸಿ, ಪೊರೆ ಬಂದವರಿಗೆ ಆಸ್ಪತ್ರೆಗೆ ಬನ್ನಿರೆಂದು ಹೇಳಿ ಕಳುಹಿಸುತ್ತಿದ್ದರು. ಕ್ರಿಯೆಯು ಧರ್ಮಾರ್ಥ, ಆದರೂ ಬರುವವರು ಕಡಿಮೆ. ಕಾರಣವನ್ನು ವಿಚಾರಿಸಿದಾಗ ತಿಳಿದುದು ಇಷ್ಟೆ: ಬಸ್ಸಿನ ಖರ್ಚಿಗೆ ಕಾಸಿಲ್ಲ, ಪಟ್ಟಣದಲ್ಲಿ ಅನ್ನಕ್ಕೆ ಗತಿಯಿಲ್ಲ, ಜೊತೆಗೆ ಬರುವವರಿಗೆ ಕೂಲಿ ತಪ್ಪುವುದು, ಎಲ್ಲಕ್ಕೂ ಮೇಲಾಗಿ ಭಯ. ವೈದ್ಯನು ಕೊಟ್ಟದ್ದು ಪುಕ್ಕಟೆಯಾದರೂ ರೋಗಿ ತೆರುವುದು ಪುಕ್ಕಟೆಯಲ್ಲ! ಅಂದಿನಿಂದ ಶಿಬಿರದ ಜಾಗದಿಂದಲೇ ಬಸ್ಸಿನಲ್ಲಿ ಎಲ್ಲರನ್ನೂ ಒಟ್ಟಾಗಿ ಕರೆತಂದು, ಊಟ ವಸತಿಗಳನ್ನು ಕೊಟ್ಟು, ಕ್ರಿಯೆಯಾದ ಮೇಲೆ ಊರಿಗೆ ಮುಟ್ಟಿಸುವ ಏರ್ಪಾಡಾಯಿತು. ಒಂದೇ ಊರಿನವರು ನಾಲ್ವರು ಕೂಡಿ ಹೊರಟರೆ ಭಯವೂ ಅರ್ಧವಾಗುವುದು. ಶಿಬಿರದ ಸ್ಥಳ, ಪ್ರಚಾರ, ಜನರನ್ನು ಕೂಡಿಸುವುದು ಇವು ಆಯಾ ಊರಿನ ಲಯನ್ಸ್, ರೋಟರಿ ಸಂಘಗಳು, ವರ್ತಕರು, ಧರ್ಮಸಂಸ್ಥೆಗಳು ಇವರ ಪಾಲಿಗೆ. ಹಣ ಕೊಡಬಲ್ಲವರು ಕೊಡುವರು. ಆ ಆದಾಯದ ಬಲದಿಂದ, ಅರ್ಧಕ್ಕಿಂತ ಹೆಚ್ಚಿನ ಕ್ರಿಯೆಗಳು ಉಚಿತವಾಗಿ ಇಲ್ಲವೆ ಅತ್ಯಲ್ಪ ವೆಚ್ಚದಲ್ಲಿ ನಡೆಯುವುವು.

ಇನ್ನು ಮಸೂರದ ವಿಷಯ. ನಮ್ಮ ಕರ್ನಾಟಕದಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರ ನೇತ್ರಶಿಬಿರಗಳನ್ನು ಕಂಡ ಹಿರಿಯರು ಈಗಲೂ ಇರುವರು. ಅಂಥ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿಯೇ ನಮ್ಮ ಅಜ್ಜಿಗೂ ಒಂದು ಶಾಲೆಯ ಕೊಠಡಿಯಲ್ಲಿ ಪೊರೆ ತೆಗೆದಿದ್ದರು. ಆಗ ಪೊರೆಯನ್ನು 
ತೆಗೆಯುವುದಷ್ಟೆ, ಅದರ ಸ್ಥಾನದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಅಜ್ಜಿ ಸೋಡಾಬುಡ್ಡಿ ಕನ್ನಡಕವನ್ನು ಧರಿಸಿ, ತಂಬಿಗೆಯನ್ನು ಹಿಡಿಯಹೋಗಿ ಅದರ ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದಳು. ಕನ್ನಡಕ ಒಡೆದ ದಿನ ಮತ್ತೆ ಕುರುಡು. ಸುಶ್ರುತನ ಕಾಲದಲ್ಲಿ ಶಲಾಕೆಯಿಂದ ಪೊರೆಯನ್ನು ಪಕ್ಕಕ್ಕೆ ಸರಿಸುತ್ತಿದ್ದುದೂ ಹೀಗೆಯೇ ಬೆಳಕನ್ನು ಕೊಡುತ್ತಿತ್ತೇ ಹೊರತು ಸ್ಪಷ್ಟ ನೋಟವನ್ನಲ್ಲ. ಕಣ್ಣಿನೊಳಗೆ ಕೃತಕ ಮಸೂರವನ್ನು ಇಡುವ ಪ್ರಯೋಗವನ್ನು ೧೯೪೯ರ ನವೆಂಬರಿನಲ್ಲಿ ಲಂಡನ್ನಿನ ಹ್ಯಾರಲ್ಡ್ ರಿಡ್ಲಿಯೆಂಬ ವೈದ್ಯರು ಮೊದಲು ಮಾಡಿದರು. ಯುದ್ಧದಲ್ಲಿ ವಿಮಾನದ ಗವಾಕ್ಷಿಯ ಪ್ಲಾಸ್ಟಿಕ್ ಚೂರುಗಳು ವೈಮಾನಿಕರ ಕಣ್ಣಿನಲ್ಲಿ ಸಿಕ್ಕಿಕೊಂಡರೂ ಕಣ್ಣು ಕೆರಳದೆ ಇದ್ದುದನ್ನು ನೋಡಿ ಅವರಿಗೆ ಈ ಯೋಚನೆ ಹೊಳೆದಿತ್ತು.

ಆದರೆ ೧೯೮೦ರ ದಶಕದಲ್ಲಿಯೂ ಪರದೇಶದಿಂದ ತರಿಸುವ ಒಂದೊಂದು ಮಸೂರಕ್ಕೆ ಸುಮಾರು ೧೦೦ ಡಾಲರು ಬೀಳುತ್ತಿತ್ತು. ಬಡರಾಷ್ಟ್ರದವರಿಗೆ ದಪ್ಪ ಕನ್ನಡಕವೇ ಸಾಕೆಂದು ವಾದಿಸಿದ ತಜ್ಞರೂ ಇದ್ದರು. ಹಣವುಳ್ಳವನ ಕಣ್ಣಿಗೆ ಒಂದು ಬಗೆ, ಇಲ್ಲದವನ ಕಣ್ಣಿಗೆ ಇನ್ನೊಂದು ಬಗೆ ಎಂಬುದನ್ನು ಮಧುರೆಯವರು ಒಪ್ಪಲಿಲ್ಲ. ಮಸೂರವನ್ನು ತಾವೇ ತಯಾರಿಸುವೆವೆಂದು ಹೊರಟರು. ವೈದ್ಯರು ಕಾರ್ಖಾನೆಗೆ ಇಳಿದ ಆ ಸಾಹಸದಲ್ಲಿ ಅಮೆರಿಕದ ಡೇವಿಡ್ ಗ್ರೀನ್ ಎಂಬವರು ತಂತ್ರವಿದ್ಯೆಯನ್ನು ಹುಡುಕಿ ತರಲು ನೆರವಾದರು. ಪರದೇಶದಲ್ಲಿ ಎಂಜಿನಿಯರಿಂಗ್ ಓದಿದ ಡಾಕ್ಟರ್ ಬಾಲಕೃಷ್ಣನ್ನರು ಅದನ್ನು ನಡೆಸುವ ಹೊಣೆಯನ್ನು ಹೊತ್ತರು. ೧೯೯೨ರಲ್ಲಿ ಔರೋಲ್ಯಾಬ್ ಪ್ರಾರಂಭವಾಯಿತು. ಮಸೂರದ ಬೆಲೆ ಮೊದಲು ೧೦ ಡಾಲರಿನ ಹತ್ತಿರಕ್ಕೂ, ಬರಬರುತ್ತ ಕೆಲವೇ ಡಾಲರುಗಳಿಗೂ ಇಳಿಯಿತು. ಅಲ್ಲಿಯೂ ಯಂತ್ರಗಳ ಮುಂದೆ ಕೂತು, ಕೂದಲೆಳೆಗಿಂತ ಸೂಕ್ಷ್ಮವಾದ ದೋಷವನ್ನು ಹುಡುಕುವವರಲ್ಲಿ ಬಹುಮಂದಿ ಅದೇ ಹಳ್ಳಿಗಳ ಹೆಣ್ಣುಮಕ್ಕಳು. ಇಂದು ಆ ಮಸೂರಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತಿವೆ. ಅವುಗಳಲ್ಲಿ ಒಂದು ನಮ್ಮ ಅಡುಗೆಮನೆಗೂ ಬಂದಿದೆ. ಸಾರಿನಲ್ಲಿ ಬಿದ್ದ ಕರಿಬೇವಿನ ಕಡ್ಡಿ ಈಗ ತಪ್ಪಿಸಿಕೊಳ್ಳುವುದಿಲ್ಲ.

ಇನ್ನೊಂದು ಹೆಜ್ಜೆಯನ್ನು ಹೇಳದೆ ಬಿಡಲಾರೆವು. ಕೆಲವು ಹಳ್ಳಿಗಳಲ್ಲಿ ‘ದೃಷ್ಟಿಕೇಂದ್ರ’ಗಳೆಂಬ ಸಣ್ಣ ಕೋಣೆಗಳನ್ನು ತೆರೆದಿರುವರು. ಅಲ್ಲಿ ಡಾಕ್ಟರು ಇರುವುದಿಲ್ಲ. ಪಳಗಿದ ಹುಡುಗಿಯು ಕಣ್ಣನ್ನು ಪರೀಕ್ಷಿಸಿ, ದೂರದ ಆಸ್ಪತ್ರೆಯಲ್ಲಿರುವ ವೈದ್ಯರಿಗೆ ಗಣಕಯಂತ್ರದ ಮೂಲಕ ತೋರಿಸುವಳು. ವೈದ್ಯರು ರೋಗಿಯೊಡನೆ ಪರದೆಯಲ್ಲಿ ಮಾತನಾಡಿ ತೀರ್ಮಾನ ಹೇಳುವರು. ತೇಣಿಯ ಸುತ್ತಣ ಹಳ್ಳಿಗಳಿಗೆ ತಂತಿಯಿಲ್ಲದೆ ದೂರಕ್ಕೆ ಚಿತ್ರವನ್ನು ಮುಟ್ಟಿಸುವ ಏರ್ಪಾಡನ್ನು ಮಾಡಿದಾಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಜೊತೆಗೂಡಿದ್ದರು. ಯಂತ್ರವನ್ನು ಎಲ್ಲರೂ ಕೊಳ್ಳಬಹುದು. ಆದರೆ ಹಳ್ಳಿಯ ಕೋಣೆಯಲ್ಲಿ ಒಬ್ಬಳೇ ಕೂತ ಹುಡುಗಿ ‘ಇದು ನನಗೆ ಅನುಮಾನ, ತಾವು ನೋಡಿ’ ಎಂದು ಅಳುಕದೆ ಹೇಳಬೇಕಾದರೆ, ಹಾಗೆ ಹೇಳಿದ್ದಕ್ಕೆ ಅವಳನ್ನು ಹಿಂದೆ ಯಾರೂ ಗದರಿಸಿರಬಾರದು. ನಮ್ಮ ಶಾಲೆಯಲ್ಲಿ ಅನುಮಾನವೆಂದು ಬಂದ ಕಿರಿಯ ಉಪಾಧ್ಯಾಯರಿಗೆ ನಾವು ಮೊದಲು ಕೊಡುತ್ತಿದ್ದುದು ಒಂದು ಕಡುನೋಟವನ್ನು.

ಅಲ್ಲಿ ಎಲ್ಲವೂ ನಿರ್ದುಷ್ಟವಾಗಿದೆಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಕೆಲಸವು ಕಠಿನ, ಬೆಳಗಾಗುತ್ತಲೇ ಪ್ರಾರಂಭವಾಗುವುದು. ಹೊರಗೆ ಹೆಚ್ಚು ಸಂಬಳ ಕಂಡಾಗ ಕಲಿತ ವೈದ್ಯರು ಬಿಟ್ಟುಹೋಗುವುದುಂಟು, ಮದುವೆಯಾದ ಹುಡುಗಿಯರು ಕೆಲಸ ಬಿಡುವುದೂ ಉಂಟು. ಎಲ್ಲಾ ಮನೆತನಗಳಲ್ಲಿಯೂ ಇಂಥ ಅಣ್ಣನೊಬ್ಬನು ಹುಟ್ಟುವುದಿಲ್ಲ. ಹುಟ್ಟಿದರೂ ಒಡವೆಗಳನ್ನು ಬಿಚ್ಚಿಕೊಡುವ ತಂಗಿಯರು ಇರಬೇಕಷ್ಟೆ. ಆ ತಂಗಿಯರ ಕಥೆಯನ್ನು ಯಾರಾದರೂ ಬೇರೆಯಾಗಿ ಬರೆದರೆ ಅದು ಇದಕ್ಕಿಂತ ಉದ್ದವಾದೀತು.

ಒಂದು ಸಂಗತಿ ಮಾತ್ರ ನಮ್ಮನ್ನು ಬಹಳ ಹಿಡಿದುಬಿಟ್ಟಿತು. ತಮ್ಮ ರಹಸ್ಯಗಳನ್ನು ಅವರು ಬಚ್ಚಿಡಲಿಲ್ಲ. ಬೇರೆ ಕಣ್ಣಾಸ್ಪತ್ರೆಗಳವರಿಗೆ ಈ ರೀತಿಯನ್ನು ಕಲಿಸುವುದಕ್ಕೆಂದೇ ೧೯೯೨ರಲ್ಲಿ ಒಂದು ಶಿಕ್ಷಣಸಂಸ್ಥೆಯನ್ನು ಸ್ಥಾಪಿಸಿದರು. ನೂರಾರು ಆಸ್ಪತ್ರೆಗಳವರು ಅಲ್ಲಿಗೆ ಬಂದು ಕಲಿತು ಹೋಗಿರುವರು. ವೆಂಕಟಸ್ವಾಮಿಯವರು ೨೦೦೬ನೆಯ ಇಸವಿ ಜುಲೈ ೭ರಂದು ತೀರಿಕೊಂಡರು. ಅವರಿರುವಾಗಲೇ ಆಸ್ಪತ್ರೆಗಳು ತೇಣಿ, ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿಗಳಲ್ಲಿ ಎದ್ದಿದ್ದವು. ಅವರು ಹೋದ ಮೇಲೆ ೨೦೧೯ರಲ್ಲಿ ತಿರುಪತಿಯಲ್ಲಿಯೂ ಒಂದು ಎದ್ದಿತು. ಯಜಮಾನನು ಇಲ್ಲದಿರುವಾಗ ಯಾವ ಖಾನೆಯ ಬೀಗದ ಕೈಯನ್ನೂ ಯಾರೂ ಹುಡುಕಬೇಕಾಗಲಿಲ್ಲವೆಂದು ಇದರಿಂದ ತಿಳಿಯಬಹುದು.

ಮಾರ್ಗಶಿರದಲ್ಲಿ ನಮ್ಮ ಗೃಹಿಣಿಯ ಎಡಗಣ್ಣಿಗೂ ಕ್ರಿಯೆಯಾಗಬೇಕಾಗಿದೆ. ದಿನವನ್ನು ಗೊತ್ತುಮಾಡಲು ಮೊನ್ನೆ ಹೋಗಿದ್ದಾಗ ಆಕೆ, ಹೋದ ಸಲ ಪಕ್ಕದಲ್ಲಿದ್ದ ಹುಡುಗಿಯೇ ಈ ಸಲವೂ ಇರಬೇಕೆಂದು ಮುಂದಾಗಿ ಕೇಳಿಕೊಂಡಳು. ಆ ಹುಡುಗಿಯ ಹೆಸರು, ಊರು, ಅವಳ ತಾಯಿಯ ಮಂಡಿನೋವು, ಮನೆಯಲ್ಲಿರುವ ಹಸುಗಳ ಸಂಖ್ಯೆ ಎಲ್ಲವೂ ಆಕೆಗೆ ಕಂಠಸ್ಥ. ಡಾಕ್ಟರ ಹೆಸರನ್ನು ಮಾತ್ರ ಚೀಟಿಯಲ್ಲಿ ನೋಡಿ ನಾವೇ ಹೇಳಬೇಕಾಯಿತು.